ಶಿವಡಿಯ ಬೆಳಗಿನ ಬಿಸಿಲಿಗೆ 8×42 ದುರ್ಬೀನು ಸೈ, 10×50 ಬೇಡ

ಶಿವಡಿಯ ಕೆಸರುಬಯಲು ಮುಂಬಯಿಯ ಪೂರ್ವ ದಂಡೆಯಲ್ಲಿದೆ. ಬೆಳಗ್ಗೆ ಫ್ಲೆಮಿಂಗೊ ನೋಡಲು ನಿಂತವರಿಗೆ ಸೂರ್ಯ ಎದುರಿಗೇ, ಕೆಳಗಡೆ ಒದ್ದೆ ಕೆಸರು ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ದುರ್ಬೀನಿನ ಹುಳುಕು ಇಲ್ಲಿ ಐದು ನಿಮಿಷಕ್ಕೆ ಬಯಲಾಗುತ್ತದೆ. ಹೋಲಿಕೆಗೆ ಇಟ್ಟುಕೊಂಡದ್ದು ಎರಡು: ತೇವ ಒಳಹೋಗದಂತೆ ಸಾರಜನಕ ತುಂಬಿ ಸೀಲ್ ಮಾಡಿದ, ಫೇಸ್ (phase) ಕೋಟಿಂಗ್, ಅಂದರೆ ಚಿತ್ರ ಚೂಪಾಗಿರಲು ಪ್ರಿಸಂಗೆ ಹಚ್ಚುವ ಲೇಪ ಇರುವ 8×42 ರೂಫ್ ಪ್ರಿಸಂ (ನೇರ ಕೊಳವೆಯ ಮಾದರಿ); ಅದರ ಅರ್ಧ ಬೆಲೆಗೆ ಸಿಗುವ 10×50 ಪೋರೋ (ಕೊಳವೆ ಮೆಟ್ಟಿಲಿನಂತೆ ಪಕ್ಕಕ್ಕೆ ಸರಿದ ಮಾದರಿ). ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಲೆನ್ಸಿನ ಅಗಲ, ಮಿ.ಮೀ.ನಲ್ಲಿ. ಬ್ಯಾಗಿನಲ್ಲಿ ಉಳಿದದ್ದು ಮೊದಲನೆಯದು.

10×50ರ ಒಳ್ಳೆಯ ಗುಣ ಮೊದಲೇ ಹೇಳಿಬಿಡಬೇಕು. ಪೋರೋ ಪ್ರಿಸಂಗೆ ಫೇಸ್ ಕೋಟಿಂಗಿನ ಗೊಡವೆಯೇ ಇಲ್ಲ. ಮಧ್ಯಾಹ್ನ ಮೂರರ ಮೇಲೆ, ಸೂರ್ಯ ಬೆನ್ನಿಗೆ ಬಂದಾಗ, ಚಿತ್ರದ ನಡುಭಾಗ 8×42ಕ್ಕೆ ಸರಿಸಮ ಚೂಪಾಗಿರುತ್ತದೆ.

ಬೆಳಗ್ಗೆ ಮಾತ್ರ ಅದೇ ದುರ್ಬೀನಿನಲ್ಲಿ ಹಾಲಿಗೆ ನೀರು ಬೆರೆಸಿದಂಥ ಚಿತ್ರ. ಫ್ಲೆಮಿಂಗೊಗಳ ಎರಡು ಜಾತಿಗಳಲ್ಲಿ ಸಣ್ಣದರ ಕೊಕ್ಕು ಗಾಢ ಕೆಂಪು. ದೊಡ್ಡದರದು ತಿಳಿಗುಲಾಬಿ, ತುದಿ ಮಾತ್ರ ಕಪ್ಪು. 8×42ರಲ್ಲಿ ಎರಡೂ ಬೇರೆಬೇರೆ ಎಂದು ಕೂಡಲೇ ತಿಳಿಯುತ್ತದೆ, 10×50ರಲ್ಲಿ ಎರಡೂ ಬೂದಿ. ಲೆನ್ಸಿಗೆ ತೇವ ಹಿಡಿದಿದೆ ಎಂದು ಬಟ್ಟೆಯಲ್ಲಿ ಒರೆಸುತ್ತಾ ಕೂತರೆ ಪ್ರಯೋಜನವಿಲ್ಲ. ಸೂರ್ಯ ನೋಟದ ವೃತ್ತದೊಳಗೆ ಇಲ್ಲದಿದ್ದರೂ ಅದರ ಬೆಳಕು ಮುಂದಿನ ಲೆನ್ಸಿನ ಮೇಲೆ ಓರೆಯಾಗಿ ಬೀಳುತ್ತದೆ. ಕೊಳವೆಯ ಒಳಗೋಡೆಗೆ ಮಿರುಗುವ ಕಪ್ಪು ಬಣ್ಣ ಬಳಿದಿದ್ದರೆ, ಪ್ರಿಸಂ ಅಂಚುಗಳಿಗೆ ಕಪ್ಪು ಹಚ್ಚದೆ ಬಿಟ್ಟಿದ್ದರೆ, ಅಲ್ಲೆಲ್ಲ ತಾಕಿ ನೇರ ಕಣ್ಣಿಗೆ ಬರುತ್ತದೆ.

ಪರೀಕ್ಷೆ ಸುಲಭ. ದುರ್ಬೀನನ್ನು ಸೂರ್ಯನಿಂದ 20–30 ಡಿಗ್ರಿ ದೂರದ ಆಕಾಶದ ಕಡೆ ತಿರುಗಿಸಿ (ಸೂರ್ಯನತ್ತ ಖಂಡಿತ ಬೇಡ), ಕಣ್ಣಿನಿಂದ ಒಂದು ಗೇಣು ದೂರ ಹಿಡಿಯಿರಿ. ಕಣ್ಣಿನ ಕಡೆಯ ಲೆನ್ಸಿನಲ್ಲಿ ಬೆಳಕಿನ ಪುಟ್ಟ ಬಿಲ್ಲೆ ಕಾಣುತ್ತದೆ: 8×42ರಲ್ಲಿ 5.25 ಮಿ.ಮೀ., 10×50ರಲ್ಲಿ ಲೆಕ್ಕದ ಪ್ರಕಾರ 5. ಬಿಲ್ಲೆಯ ಸುತ್ತ ಕಾಡಿಗೆಯಂಥ ಕಪ್ಪು ಇರಬೇಕು. ಈ 10×50ರಲ್ಲಿ ಬಿಲ್ಲೆಗೆ ಅಂಟಿಕೊಂಡೇ ಉಗುರಿನಾಕಾರದ ಬಿಳಿ ಗೆರೆ ಇದೆ. ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ 2–3 ಮಿ.ಮೀ.ಗೆ ಕುಗ್ಗಿರುತ್ತದೆ, ಕಣ್ಣು ಸರಿಯಾಗಿ ನಡುವೆ ಇದ್ದಷ್ಟು ಹೊತ್ತು ಆ ಗೆರೆ ಒಳಗೆ ಬರುವುದಿಲ್ಲ. ತುಸು ಸರಿದರೆ ಮಂಜು. ಒಂದು ಕ್ಷಣ ಚೆನ್ನಾಗಿ ಕಂಡು ಮರುಕ್ಷಣ ಕೆಡುವುದು ಇದೇ ಕಾರಣಕ್ಕೆ.

ಮುಂದಿನ ಲೆನ್ಸುಗಳಿಗೆ 5 ಸೆಂ.ಮೀ. ಉದ್ದದ ಕಪ್ಪು ಡ್ರಾಯಿಂಗ್ ಶೀಟಿನ ಕೊಳವೆ ಸುತ್ತಿದರೆ ಸೂರ್ಯನಿಂದ ಬರುವ ಮಂಜು ಬಹಳ ಮಟ್ಟಿಗೆ ಇಳಿಯುತ್ತದೆ. ಕೆಸರಿನ ಹೊಳಪು ನೋಟದ ಅಂಚಿಗೆ ಹತ್ತಿಕೊಂಡೇ ಕೆಳಗಿನಿಂದ ಬರುವುದರಿಂದ ಅದಕ್ಕೆ ಕೊಳವೆ ಅಡ್ಡ ನಿಲ್ಲದು. ಬಿಚ್ಚಿ ಪ್ರಿಸಂ ಅಂಚಿಗೆ ಬಣ್ಣ ಹಚ್ಚುವ ಸಾಹಸ ಬೇಡ. ಪ್ರಿಸಂ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಎರಡು ಕಣ್ಣಿಗೆ ಎರಡು ಚಿತ್ರ.

ಹಾಗೆ ಓರೆಯಾಗಿದೆಯೋ ಎಂದು ನೋಡಲು ಶಿವಡಿಯಿಂದ ಸಮುದ್ರದ ಮೇಲೆ ಹೋಗುವ ಸೇತುವೆ, ಅಟಲ್ ಸೇತು ಅನುಕೂಲ. ದುರ್ಬೀನನ್ನು ಗೋಡೆಯ ಮೇಲೆ ಊರಿ, ಕಣ್ಣನ್ನು 10 ಸೆಂ.ಮೀ. ಹಿಂದಕ್ಕೆ ತೆಗೆದು ಸೇತುವೆಯ ಅಡ್ಡಗೆರೆ ನೋಡಿ. ಎಡ ವೃತ್ತದ ಗೆರೆ ಬಲ ವೃತ್ತದಲ್ಲಿ ಅದೇ ಎತ್ತರಕ್ಕೆ ಮುಂದುವರಿಯಬೇಕು. ಮೆಟ್ಟಿಲಿನಂತೆ ಮೇಲೆಕೆಳಗೆ ಆಗಿದ್ದರೆ ಅರ್ಧ ಗಂಟೆಗೆ ತಲೆನೋವು ಖಚಿತ, ವಾಪಸ್ ಕೊಟ್ಟುಬಿಡಿ.

50 ಎಂದು ಬರೆದದ್ದು 50 ಇರಬೇಕೆಂದೇನಿಲ್ಲ. ಫೋಕಸ್ ದೂರಕ್ಕಿಟ್ಟು, ಕಣ್ಣಿನ ಕಡೆಯಿಂದ ಒಂದಡಿ ಹಿಂದೆ ಸಣ್ಣ ಟಾರ್ಚ್ ಹಿಡಿದು, ಮುಂದಿನ ಲೆನ್ಸಿಗೆ ಹತ್ತಿರದಲ್ಲೇ ಕಾಗದ ಇಟ್ಟು ಅದರ ಮೇಲಿನ ಬೆಳಕಿನ ವೃತ್ತ ಅಳೆಯಿರಿ. ಇಲ್ಲಿ ಬಂದದ್ದು 44 ಮಿ.ಮೀ.; ಪ್ರಿಸಂ ಚಿಕ್ಕದು, ಅಂಚಿನ ಬೆಳಕೆಲ್ಲ ಅಲ್ಲೇ ಕತ್ತರಿಸಿಹೋಗಿದೆ. ಮುಸ್ಸಂಜೆಯಲ್ಲಿ 8×42ಕ್ಕಿಂತ ಮಬ್ಬಾಗಿದ್ದುದು ಸುಮ್ಮನಲ್ಲ.

ಹತ್ತು ಗಂಟೆ ದಾಟಿ ಕೆಸರಿನ ಮೇಲೆ ಬಿಸಿಗಾಳಿ ಕುಣಿಯತೊಡಗಿದರೆ 10 ಪಟ್ಟು ತೋರಿಸುವುದು ಆ ಕುಣಿತವನ್ನೇ. ಬೆಳಕು-ಕತ್ತಲೆ ಕೂಡುವಲ್ಲಿ ಲೆನ್ಸಿನ ದೋಷದಿಂದ ಕಾಣುವ ನೇರಳೆ ಅಂಚು ಎರಡರಲ್ಲೂ ಇದೆ, 8×42ರಲ್ಲಿ ಕಡಿಮೆ. ಕನ್ನಡಕದವರಿಗೆ 10×50ರಲ್ಲಿ ವೃತ್ತದ ಅಂಚು ಸಿಗುವುದೇ ಇಲ್ಲ.

ಮಳೆಗಾಲದ ಮಾತು ಬೇರೆ. ಈ ಪೋರೋದಲ್ಲಿ ಫೋಕಸ್ ತಿರುಗಿಸಿದಾಗಲೆಲ್ಲ ಕಣ್ಣಿನ ಕಡೆಯ ಭಾಗ ಪಂಪಿನ ಹಾಗೆ ಹೊರಗೆ ಬಂದು ಒಳಗೆ ಹೋಗುತ್ತದೆ. ಜೊತೆಗೆ ಜುಲೈ ತಿಂಗಳ ಒದ್ದೆ ಗಾಳಿಯೂ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ ಇಲ್ಲದಿದ್ದರೆ ಮುಂಬಯಿಯಲ್ಲಾಗಲಿ ಗೋವೆಯಲ್ಲಾಗಲಿ ಪ್ರಿಸಂ ಮೇಲೆ ಬೂಷ್ಟು ಬರಲು ತಡವಿಲ್ಲ.

ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುವ ಲೆನ್ಸಿನ ದುರ್ಬೀನನ್ನು ಈ ಹೋಲಿಕೆಗೆ ಸೇರಿಸಿಯೇ ಇಲ್ಲ. ಹೊಳೆದಷ್ಟೂ ಬೆಳಕು ಕಣ್ಣಿಗೆ ಬರದೆ ಹಿಂದಕ್ಕೆ ಹೋಯಿತೆಂದೇ ಲೆಕ್ಕ.

ಟ್ರೈಪಾಡ್ ಹೊರದೆ, ಲೋಕಲ್ ಹತ್ತಿ ಬೆಳಗ್ಗೆಯೇ ಹೋಗುವ ಅಭ್ಯಾಸಕ್ಕೆ 8×42. ಸಂಜೆ ಟೆರೇಸಿನಲ್ಲಿ ಸ್ಟ್ಯಾಂಡಿಗೆ ಕೂರಿಸಿ ಚಂದ್ರನನ್ನು ನೋಡುವವರು 10×50 ಕೊಳ್ಳಲಿ, ಅಡ್ಡಿಯಿಲ್ಲ. ಅರ್ಧ ಬೆಲೆಯಷ್ಟೇ ಕೈಯಲ್ಲಿದ್ದು ಬೆಳಗಿನ ಹಕ್ಕಿಯೇ ಬೇಕೆಂದರೆ 8×40 ಪೋರೋ ಹುಡುಕಿ, ಅಂಗಡಿಯಿಂದ ಬಿಸಿಲಿಗೆ ತಂದು ಬಿಲ್ಲೆಯ ಸುತ್ತ ಕಪ್ಪಿದೆಯೇ ನೋಡಿ, ಆಮೇಲೆ ದುಡ್ಡು ಎಣಿಸಿ.