50 ಎಂಎಂ ಎಫ್/1.8 ಲೆನ್ಸ್: ಐದು ವರ್ಷ, ನಡುವೆ ಒಂದು ಚಾಳೀಸು

ಈ ಲೆನ್ಸ್ ಕೊಂಡು ಐದು ವರ್ಷವಾಯಿತು. ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹಾಕಿದ್ದೇನೆ, ಬಿಚ್ಚಿದ್ದು ಕಡಿಮೆ. ಜೂಮ್ ಇಲ್ಲ. ಹತ್ತಿರ ಬೇಕಂದರೆ ನಾವೇ ನಾಲ್ಕು ಹೆಜ್ಜೆ ಹಾಕಬೇಕು. ಅದು ವಾರದಲ್ಲೇ ರೂಢಿಯಾಯಿತು. ಪಳಗಲು ಹೊತ್ತು ಹಿಡಿದದ್ದು ಫೋಕಸ್.

ಎಫ್/1.8 ಅಂದರೆ ಬಾಯಿ ದೊಡ್ಡದು, ಸುಮಾರು 28 ಮಿಲಿಮೀಟರ್. ನಮ್ಮ ಕಣ್ಣಿನ ಪಾಪೆ ಎಂಥ ಕತ್ತಲಲ್ಲೂ 8 ಮಿಲಿಮೀಟರ್ ದಾಟುವುದು ಅಪರೂಪ. ಬೆಳಕೇನೋ ಧಾರಾಳವಾಗಿ ಬರುತ್ತದೆ, ಆದರೆ ಫೋಕಸ್ ಸಿಗುವ ಜಾಗ ತೀರಾ ತೆಳು. ಮಗಳು ಮಲಗಿದ್ದಾಗ ಅರ್ಧ ಮೀಟರ್ ದೂರದಿಂದ ತೆಗೆದ ಫೋಟೊ ಒಂದಿದೆ. ಈಚೆ ಕಣ್ಣಿನ ರೆಪ್ಪೆಕೂದಲು ಒಂದೊಂದನ್ನೂ ಎಣಿಸಬಹುದು, ಆಚೆ ಕಣ್ಣು ಆಗಲೇ ಮಸುಕು. ಅಷ್ಟು ಹತ್ತಿರದಲ್ಲಿ ಚೂಪಾಗಿ ಬರುವುದು ಒಂದು ಸೆಂಟಿಮೀಟರ್ ಆಸುಪಾಸು. ಮೊದಲ ವರ್ಷ ನಾನು ತೆಗೆದದ್ದು ಬರೀ ಮೂಗಿನ ತುದಿಗಳ ಫೋಟೊ!

ಮೂರನೇ ವರ್ಷ ಎಲ್ಲ ಫೋಟೊಗಳೂ ಮಂಜುಮಂಜು ಅನ್ನಿಸತೊಡಗಿದವು. ಲೆನ್ಸ್ ಕೆಟ್ಟಿತು ಅಂತ ರಿಪೇರಿಗೆ ಕೊಟ್ಟೆ. ಏನೂ ಆಗಿಲ್ಲ ಅಂತ ವಾಪಸ್ ಬಂತು. ಕಂಪ್ಯೂಟರಿಗೆ ಹಾಕಿ ದೂರದಿಂದ ನೋಡಿದರೆ ನಿಜಕ್ಕೂ ಸರಿಯಾಗೇ ಇದ್ದವು. ಮಂಜಾಗಿದ್ದದ್ದು ನನ್ನ ಕಣ್ಣು, ಅಂದರೆ ಚಾಳೀಸು. ಕ್ಯಾಮೆರಾ ಲೆನ್ಸಿನೊಳಗೆ ಗಾಜು ಹಿಂದೆ ಮುಂದೆ ಸರಿದು ಫೋಕಸ್ ಆಗುತ್ತದೆ. ಕಣ್ಣಲ್ಲಿ ಹಾಗೆ ಏನೂ ಸರಿಯುವುದಿಲ್ಲ. ಬೆಳಕು ಬಾಗಿಸುವ ಕೆಲಸದ ಮೂರರಲ್ಲಿ ಎರಡು ಪಾಲು ಕಾರ್ನಿಯಾದ್ದೇ, ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಪೊರೆಯದ್ದು. ಹತ್ತಿರದ್ದು ನೋಡಬೇಕಾದಾಗ ಒಳಗಿನ ಮಸೂರ ಉಬ್ಬಿಕೊಳ್ಳುತ್ತದೆ. ವಯಸ್ಸಾದ ಹಾಗೆ ಅದು ಗಟ್ಟಿಯಾಗಿ, ಉಬ್ಬಲು ಒಲ್ಲೆ ಅನ್ನುತ್ತದೆ. (ಮೀನಿನ ಕಣ್ಣು ಬೇರೆ ಥರ, ಅದರ ಮಸೂರ ಕ್ಯಾಮೆರಾದ್ದರಂತೆ ಸರಿಯುತ್ತದಂತೆ. ಮೀನಿಗೆ ಚಾಳೀಸು ಬರುತ್ತೋ ಇಲ್ವೋ!) ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಅದರ ಪಕ್ಕದ ಪುಟ್ಟ ಚಕ್ರ ತಿರುಗಿಸಿದೆ, ಒಳಗಿನ ಅಕ್ಷರಗಳು ಕಡೆದಿಟ್ಟ ಹಾಗೆ ಕಂಡವು. ಆ ಚಕ್ರ ಇರುವುದೇ ಇದಕ್ಕೆ ಅಂತ ಮೂರು ವರ್ಷ ಗೊತ್ತಿರಲಿಲ್ಲ.

ಕತ್ತಲಲ್ಲಿ ಆಟೊಫೋಕಸ್ ಸ್ವಲ್ಪ ತಡಕಾಡುತ್ತದೆ. ಅದು ಲೆನ್ಸಿನ ಎರಡು ಬದಿಯಿಂದ ಬಂದ ಬೆಳಕನ್ನು ತಾಳೆ ನೋಡಿ, ಯಾವ ಕಡೆ ಎಷ್ಟು ಸರಿಯಬೇಕು ಅಂತ ಲೆಕ್ಕ ಹಾಕುತ್ತದೆ. ತಾಳೆ ನೋಡಲು ಒಂದು ಗೆರೆಯೋ ಅಂಚೋ ಬೇಕಲ್ವಾ? ಒಂದು ಹುಣ್ಣಿಮೆ ರಾತ್ರಿ ಹಗ್ಗದ ಮೇಲಿದ್ದ ಹೊದಿಕೆಗೆ ಗುರಿಯಿಟ್ಟೆ. ಮೋಟಾರು ಸುಮ್ನೆ ಗರಗರ ಅಂತ ಹೋಗಿ ಬಂದು ಮಾಡಿತು. ಹೊದಿಕೆಯ ಅಂಚು ಆಕಾಶಕ್ಕೆ ತಾಗುವ ಕಡೆ ಗುರಿ ಬದಲಿಸಿದೆ, ತಟ್ಟನೆ ಸಿಕ್ಕಿತು. ಶಟರ್ ಎರಡು ಸೆಕೆಂಡ್ ತೆರೆದಿಟ್ಟೆ. ನನಗೆ ಕಪ್ಪಗೆ ಕಂಡಿದ್ದ ಹೊದಿಕೆ ಫೋಟೊದಲ್ಲಿ ಕೆಂಪಗಿತ್ತು! ಕತ್ತಲಲ್ಲಿ ಕಣ್ಣಿನ ಕೆಲಸ ನಡೆಸುವ ಕೋಶಗಳಿಗೆ ಬಣ್ಣ ತಿಳಿಯುವುದಿಲ್ಲ, ಕೆಂಪು ಬೆಳಕಂತೂ ಹೆಚ್ಚುಕಮ್ಮಿ ತಾಗುವುದೇ ಇಲ್ಲ. ಬೆಳಕನ್ನು ಸೆಕೆಂಡುಗಟ್ಟಲೆ ಕೂಡಿಡುವುದೂ ಕಣ್ಣಿಗೆ ಬರುವುದಿಲ್ಲ.

ಎಫ್/1.8ರಲ್ಲಿ ಹೊಳೆಯುವ ಅಂಚುಗಳಿಗೆ ನೇರಳೆ ಗೆರೆ ಬರುತ್ತದೆ. ಬಾಯಿ ಕಿರಿದು ಮಾಡಿ ಎಫ್/2.8ಕ್ಕೆ ತಂದರೆ ಬಹುಪಾಲು ಮಾಯ. ಮೋಟಾರಿನ ಸದ್ದು ವಿಡಿಯೊದಲ್ಲಿ ಕೇಳುತ್ತದೆ, ಅದಕ್ಕೇ ಬೇಕಿದ್ದರೆ ಬೇರೆ ನೋಡಿ. ನನ್ನಿಂದ ಐದಕ್ಕೆ ನಾಲ್ಕು.