ಅಡಿಕೆ ಸುಲಿಯುವ ಚಪ್ಪರದಲ್ಲಿ ಮೂರು ಡಿಸೈನ್: ಗಾಜು, ಗಟ್ಟಿ ಬಣ್ಣ, ಮಾತು

ತೀರ್ಥಹಳ್ಳಿ ಹತ್ತಿರ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾದರೆ ರಾತ್ರಿ ಹತ್ತು ಗಂಟೆವರೆಗೂ ಅಡಿಕೆ ಸುಲಿಯುತ್ತಾರೆ. ಹತ್ತು ಹನ್ನೆರಡು ಜನ ಹೆಂಗಸರು ಮಣೆಗೆ ಕೂರಿಸಿದ ಮೆಟ್ಟುಗತ್ತಿ ಇಟ್ಟುಕೊಂಡು ಚಪ್ಪರದಲ್ಲಿ ಕೂತಿರುತ್ತಾರೆ. ಕೂಲಿ ಡಬ್ಬದ ಲೆಕ್ಕ. ಒಂದೊಂದು ಡಬ್ಬ ತುಂಬಿದ ಹಾಗೆ ಚಿಕ್ಕಮ್ಮ ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಿದ್ದರು. ನಾನು ಶಿವಮೊಗ್ಗದಲ್ಲಿ ವೆಬ್‌ಸೈಟ್ ಮಾಡುವವನು. ಕಳೆದ ಸುಗ್ಗಿಗೆ ಆ ಲೆಕ್ಕಕ್ಕೆ ಅಂತ ಫೋನಿನಲ್ಲಿ ತೆರೆಯುವ ಒಂದು ಪುಟ ಮಾಡಿಕೊಟ್ಟೆ. ಒಂದಲ್ಲ, ಮೂರು ಥರ ಮಾಡಿ ಒಂದೊಂದನ್ನೂ ಒಂದೊಂದು ವಾರ ಓಡಿಸಿದೆ.

ಮೂರು ಯಾಕೆ ಅಂದರೆ, ಈಗ ಕೆಲಸ ಕೊಡುವವರೆಲ್ಲ ಕೇಳುವುದು ಈ ಮೂರನ್ನೇ. 2025ರ ಜೂನ್‌ನಲ್ಲಿ ಆ್ಯಪಲ್ 'ಲಿಕ್ವಿಡ್ ಗ್ಲಾಸ್' ತೋರಿಸಿದ ಮೇಲೆ ಎಲ್ಲರಿಗೂ ಗಾಜಿನ ಹಾಗೆ ಹೊಳೆಯುವ ಪುಟ ಬೇಕು. ಅದಕ್ಕೂ ಒಂದು ತಿಂಗಳು ಮುಂಚೆ ಗೂಗಲ್ 'ಮೆಟೀರಿಯಲ್ 3 ಎಕ್ಸ್‌ಪ್ರೆಸಿವ್' ಅಂತ ಗಟ್ಟಿ ಬಣ್ಣ, ದೊಡ್ಡ ಬಟನ್‌ಗಳ ದಾರಿ ಹಿಡಿದಿತ್ತು. ಮೂರನೆಯದು ಚಾಟ್ ಮತ್ತು ಧ್ವನಿ. ಬಟನ್ನೇ ಬೇಡ, ಹೇಳಿದರೆ ಸಾಕು ಅನ್ನುವ ಥರದ್ದು.

ಮೊದಲ ವಾರ ಗಾಜು. ಹಿಂದೆ ತೋಟದ ಫೋಟೋ, ಮೇಲೆ ಅರೆಪಾರದರ್ಶಕ ಕಾರ್ಡ್‌ಗಳು, ಒಬ್ಬೊಬ್ಬರಿಗೆ ಒಂದೊಂದು. ಶಿವಮೊಗ್ಗದಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ನಿಜವಾಗಿಯೂ ಚೆನ್ನಾಗಿತ್ತು. ಚಿಕ್ಕಮ್ಮ ಕೈಯಲ್ಲಿ ಹಿಡಿದ ಕೂಡಲೇ, "ಎಂತದೋ ಇದು, ಬೆಳಗಿನ ಜಾವದ ಮಂಜಿನ ಹಾಗೆ" ಅಂದರು. ಅವರು ಹೇಳಿದ್ದು ಸರಿ. ಗಾಜಿನ ತೊಂದರೆ ಏನು ಅಂದರೆ ಅಕ್ಷರದ ಹಿಂದಿನ ಬಣ್ಣ ಒಂದೇ ಆಗಿರುವುದಿಲ್ಲ. ಸಣ್ಣ ಅಕ್ಷರಕ್ಕೂ ಅದರ ಹಿಂದಿನ ಬಣ್ಣಕ್ಕೂ ಕನಿಷ್ಠ 4.5:1 ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಇರಬೇಕು ಅಂತ ವೆಬ್‌ನ ನಿಯಮ ಹೇಳುತ್ತದೆ. ಕಾರ್ಡ್ ಹಿಂದೆ ಗಾಢ ಎಲೆ ಬಂದಾಗ ಅದು ಸಿಗುತ್ತಿತ್ತು, ಮೇಲಕ್ಕೆ ತಳ್ಳಿ ಆಕಾಶ ಬಂದ ಕೂಡಲೇ ಬಿಳಿ ಅಕ್ಷರ ಕರಗಿ ಹೋಗುತ್ತಿತ್ತು. ಇನ್ನೊಂದು, ಹಿಂದಿನ ಚಿತ್ರ ಮಸುಕು ಮಾಡುವ ಕೆಲಸವನ್ನು ಫೋನು ಪುಟ ಸರಿಸಿದಾಗಲೆಲ್ಲ ಮತ್ತೆ ಮಾಡಬೇಕು. ಅವರದು ಐದಾರು ವರ್ಷ ಹಳೆಯ ಫೋನು. ಪುಟ ತಡೆದು ತಡೆದು ಸರಿಯುತ್ತಿತ್ತು, ಬೆನ್ನು ಬಿಸಿ. ಆ್ಯಪಲ್ ಕೂಡ ಆಮೇಲೆ ಐಫೋನಿನ ಐಒಎಸ್ 26.1ರಲ್ಲಿ ಗಾಜನ್ನು ದಟ್ಟ ಮಾಡಿಕೊಳ್ಳುವ ಆಯ್ಕೆ ಕೊಟ್ಟಿತು.

ಆದರೆ ಆ ವಾರ ನನಗೆ ಗೊತ್ತಾದ ದೊಡ್ಡ ವಿಷಯ ಬೇರೆ. ನಾನು ಈ ಪುಟ ಚಿಕ್ಕಮ್ಮನಿಗೆ ಅಂತ ಮಾಡಿದ್ದೆ. ಡಬ್ಬ ಸುರಿದು ಬಂದವರು ಮಾತ್ರ, "ನಂದೆಷ್ಟಾಯ್ತು ಅಮ್ಮ?" ಅಂತ ಪಕ್ಕದಿಂದ ಬಗ್ಗಿ ನೋಡುತ್ತಿದ್ದರು. ನೋಟ್‌ಬುಕ್ಕಿನ ಗೀಟು ಅವರಿಗೆ ದೂರದಿಂದಲೇ ಕಾಣುತ್ತಿತ್ತು, ಗಾಜಿನ ಮೇಲಿನ ಅಂಕಿ ಓರೆಯಿಂದ ಏನೂ ಕಾಣಲಿಲ್ಲ. ಅವರ ಕೂಲಿ ಅದು. ಅವರಿಗೇ ಕಾಣದಿದ್ದರೆ ಆ ಪುಟ ಯಾರಿಗೆ ಬೇಕು? ಅಲ್ಲಿಂದ ಮುಂದೆ ಎಲ್ಲವನ್ನೂ ಒಂದೇ ಅಳತೆಯಲ್ಲಿ ನೋಡಿದೆ: ಎದುರಿಗೆ ನಿಂತವರಿಗೆ ಅವರ ಲೆಕ್ಕ ಕಾಣುತ್ತದಾ ಇಲ್ವಾ.

ಎರಡನೇ ವಾರ ಗಟ್ಟಿ ಬಣ್ಣ. ಫೋಟೋ ತೆಗೆದೆ, ನೆರಳು ತೆಗೆದೆ. ಎರಡು ಸಾಲಿನ ಚೌಕಗಳು, ಪ್ರತಿ ಚೌಕದಲ್ಲಿ ಹೆಸರು, ದೊಡ್ಡ ಅಂಕಿ, ಕೆಳಗೆ ಒಂದು ಕೂಡಿಸುವ ಬಟನ್. ವೆಬ್‌ಪುಟ ಎಲ್ಲರಿಗೂ ಬಳಸಲು ಬರಬೇಕು ಅಂತ ಮಾಡಿದ ನಿಯಮಾವಳಿ, 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 ಪ್ರಕಾರ ಒತ್ತುವ ಜಾಗ ಕನಿಷ್ಠ 24 ಪಿಕ್ಸೆಲ್ ಇದ್ದರೂ ಸಾಕು, ಆ್ಯಂಡ್ರಾಯ್ಡ್‌ಗೆ ಗೂಗಲ್ ಹೇಳುವುದು 48. ಅಡಿಕೆ ರಸ ಹತ್ತಿ ಒದ್ದೆಯಾದ ಬೆರಳಿಗೆ 48 ಕೂಡ ಸಣ್ಣದೇ, 64 ಮಾಡಿದ ಮೇಲೆ ತಪ್ಪು ಒತ್ತುವುದು ನಿಂತಿತು.

ಇಲ್ಲಿ ಕನ್ನಡ ನನಗೆ ಒಂದು ಪಾಠ ಕಲಿಸಿತು. ರೆಡಿಮೇಡ್ ಡಿಸೈನ್ ಕಿಟ್‌ನ ಪಟ್ಟಿಯಲ್ಲಿ 'ಒಟ್ಟು' ಅಂತ ಬರೆದರೆ ಟ-ಒತ್ತು ಅರ್ಧಕ್ಕೆ ಕತ್ತರಿಸಿ ಹೋಗುತ್ತಿತ್ತು. ಆ ಕಿಟ್ ಮಾಡಿದವರು ಇಂಗ್ಲಿಷ್ ಅಕ್ಷರದ ಎತ್ತರ ಮಾತ್ರ ನೋಡಿದ್ದಾರೆ, ಅಕ್ಷರದ ಕೆಳಗೆ ಇನ್ನೊಂದು ಅಕ್ಷರ ಕೂರುತ್ತದೆ ಅನ್ನುವುದು ಅವರ ಲೆಕ್ಕದಲ್ಲೇ ಇಲ್ಲ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.2 ಪಟ್ಟಿನಿಂದ 1.6 ಪಟ್ಟಿಗೆ ಏರಿಸಿದ ಮೇಲೆ ಸರಿಹೋಯಿತು. ಕನ್ನಡದಲ್ಲಿ ಸೈಟ್ ಮಾಡುವವರು ಯಾವ ಹೊಸ ಟ್ರೆಂಡ್ ಹಿಡಿದರೂ ಮೊದಲು ಇದನ್ನು ನೋಡಿ, ದಯವಿಟ್ಟು.

ಡಾರ್ಕ್ ಮೋಡ್ ಬಗ್ಗೆಯೂ ಹೇಳಬೇಕು. ರಾತ್ರಿ ಚಪ್ಪರದಲ್ಲಿ ಅದು ತುಂಬ ಹಿತ. ಆದರೆ ಅಪ್ಪಟ ಕಪ್ಪಿನ ಮೇಲೆ ಅಪ್ಪಟ ಬಿಳಿ ಇಟ್ಟರೆ ಕನ್ನಡದ ಸಣ್ಣ ಸುರುಳಿಗಳ ಒಳಗಿನ ಜಾಗ ತುಂಬಿಕೊಂಡ ಹಾಗೆ ಕಾಣುತ್ತದೆ. ನೋಟೋ ಸ್ಯಾನ್ಸ್ ಕನ್ನಡ ವೇರಿಯಬಲ್ ಫಾಂಟ್ ಆಗಿರುವುದರಿಂದ ಅಕ್ಷರದ ದಪ್ಪ ನಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು. ಹಗಲಿಗೆ 400, ರಾತ್ರಿಗೆ 350 ಇಟ್ಟೆ, ಬಿಳಿಯನ್ನು ಸ್ವಲ್ಪ ಬೂದು ಮಾಡಿದೆ. ಬೆಳಿಗ್ಗೆ ಅಂಗಳದ ಬಿಸಿಲಿನಲ್ಲಿ ಡಾರ್ಕ್ ಏನಕ್ಕೂ ಬರುವುದಿಲ್ಲ. ಫೋನಿನ ಸೆಟ್ಟಿಂಗ್ ನೋಡಿ ತಾನೇ ಬದಲಾಗುವ ಹಾಗೆ ಮಾಡಿದ್ದೆ, ಚಿಕ್ಕಮ್ಮ ಆ ಸೆಟ್ಟಿಂಗ್ ಮುಟ್ಟಿದವರೇ ಅಲ್ಲ. ಕೊನೆಗೆ 'ಹಗಲು', 'ರಾತ್ರಿ' ಅಂತ ಎರಡು ಬಟನ್ ಇಟ್ಟೆ.

ಮೂರು ಗೆರೆಯ ಮೆನು ಇಟ್ಟಿದ್ದನ್ನು ಎರಡೇ ದಿನದಲ್ಲಿ ತೆಗೆದೆ, ಯಾರೂ ಅದನ್ನು ತೆರೆಯಲಿಲ್ಲ. ಪಕ್ಕಕ್ಕೆ ಎಳೆದರೆ ಅಳಿಸುವುದನ್ನೂ ತೆಗೆದೆ. ಒಬ್ಬರ ನಾಲ್ಕು ಡಬ್ಬ ಹಾಗೆ ಹೆಬ್ಬೆರಳು ತಾಗಿ ಹೋಗಿತ್ತು. ಅವರಿಗೆ ನೆನಪಿತ್ತು ಅಂತ ಉಳಿಯಿತು, ಇಲ್ಲದಿದ್ದರೆ ಕೂಲಿಯೇ ಹೋಗುತ್ತಿತ್ತು.

ಮೂರನೇ ವಾರ ಮಾತು. ಇದರ ಮೇಲೆ ನನಗೆ ಬಹಳ ಆಸೆ ಇತ್ತು, ಯಾಕೆಂದರೆ ಕೈ ಒದ್ದೆ, ಬೆರಳು ಕಪ್ಪು, ಫೋನು ಮುಟ್ಟದೆ ಬಾಯಲ್ಲಿ ಹೇಳಿದರೆ ಮುಗಿಯಿತಲ್ವಾ. ಚಪ್ಪರ ಖಾಲಿ ಇದ್ದಾಗ ನಾನು "ಎರಡು ಡಬ್ಬ" ಅಂದರೆ ಸರಿಯಾಗಿ ಬರೆಯುತ್ತಿತ್ತು. ಜನ ಕೂತ ಮೇಲೆ ಹಾಗಲ್ಲ. ಚಿಕ್ಕಮ್ಮ ಒಬ್ಬರ ಹೆಸರು ಹೇಳಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮೂಲೆಯಿಂದ ಇನ್ನೊಬ್ಬರು "ನಂದು ಐದಾಯ್ತು" ಅಂದರು, ಆ ಐದು ಮೊದಲಿನವರ ಹೆಸರಿಗೆ ಹೋಯಿತು. ಮಾತು ಸರ್ವರ್‌ಗೆ ಹೋಗಿ ಬರಬೇಕಾದ್ದರಿಂದ ನೆಟ್‌ವರ್ಕ್ ಇಲ್ಲದಾಗ ಅದು ಸುಮ್ನೆ ಕೂರುತ್ತಿತ್ತು. ಗಟ್ಟಿ ಬಣ್ಣದ ಪುಟ ಲೆಕ್ಕವನ್ನು ಫೋನಿನಲ್ಲೇ ಇಟ್ಟುಕೊಂಡು ಸಿಗ್ನಲ್ ಬಂದಾಗ ಕಳಿಸುತ್ತಿತ್ತು. ಚಾಟ್‌ನಲ್ಲಿ ಇನ್ನೊಂದು ಕೊರತೆ: ಯಾರದೆಷ್ಟು ಅಂತ ಒಬ್ಬೊಬ್ಬರದೇ ಕೇಳಬೇಕು. ಚೌಕಗಳಲ್ಲಿ ಹನ್ನೆರಡು ಜನರದೂ ಒಟ್ಟಿಗೆ ಎದುರಿಗಿರುತ್ತದೆ.

ಸುಗ್ಗಿಯ ಉಳಿದ ದಿನವೆಲ್ಲ ಓಡಿದ್ದು ಎರಡನೆಯದೇ. ಗಾಜನ್ನು ಮೇಲಿನ ತಾರೀಖಿನ ಪಟ್ಟಿಗೆ ಮಾತ್ರ ಬಿಟ್ಟೆ, ಅಲ್ಲಿ ಹಿಂದೆ ಒಂದೇ ಬಣ್ಣ, ಓದುವುದಕ್ಕೆ ತೊಂದರೆ ಇಲ್ಲ. ಧ್ವನಿಯನ್ನು ಹೆಸರು ಹುಡುಕುವುದಕ್ಕೆ ಇಟ್ಟಿದ್ದೇನೆ, ಅಂಕಿ ಬರೆಯುವುದಕ್ಕಲ್ಲ. ಹೋಮ್‌ಸ್ಟೇ ಸೈಟ್‌ಗೆ ಗಾಜು ಕೇಳಿದರೆ ನಾನು ಈಗಲೂ ಮಾಡಿಕೊಡುತ್ತೇನೆ, ಅಲ್ಲಿ ಫೋಟೋನೇ ಮುಖ್ಯ. ದುಡ್ಡಿನ ಲೆಕ್ಕ ಇರುವ ಕಡೆ ಮಾತ್ರ ಬೇಡ ಅನ್ನುತ್ತೇನೆ.

ಈಗ ಚಿಕ್ಕಮ್ಮ ಡಬ್ಬ ಸುರಿದ ಕೂಡಲೇ ಫೋನನ್ನು ಸುರಿದವರ ಕಡೆಗೆ ತಿರುಗಿಸಿ ಹಿಡಿದು ಬಟನ್ ಒತ್ತುತ್ತಾರೆ. ಆರು ಏಳಾಗುವುದನ್ನು ಅವರು ನೋಡಿ ಹೋಗುತ್ತಾರೆ. "ನಿನ್ನೇದೂ ಅಲ್ಲೇ ಕಾಣೋ ಹಾಗೆ ಮಾಡಪ್ಪ" ಅಂತ ಒಬ್ಬರು ಕೇಳಿದ್ದಾರೆ. ಮುಂದಿನ ಕೊಯ್ಲಿಗೆ ಮುಂಚೆ ಹಿಂದಿನ ದಿನದ ಅಂಕಿಯನ್ನು ಚೌಕದ ಕೆಳಗಡೆ ಸೇರಿಸಬೇಕು.