ಕೊಪ್ಪಳದ ನರ್ಸರಿ: ಹಿತ್ತಲಿಗೆ ಬೇಕಾದ ಸಸಿಗಳು ಹಿಂದಿನ ಸಾಲಿನಲ್ಲಿವೆ

ಹಿತ್ತಲಿಗೆ ಹಕ್ಕಿ, ಚಿಟ್ಟೆಗಳು ಬರಲೆಂದು ಗಿಡ ಹಾಕುವವರಿಗೆ ಕೊಪ್ಪಳದ ಹೊರವಲಯದ ಈ ನರ್ಸರಿಯನ್ನು ಧಾರಾಳವಾಗಿ ಸೂಚಿಸುತ್ತೇನೆ. ಆದರೆ ಬಾಗಿಲಲ್ಲೇ ಕಣ್ಣಿಗೆ ಬೀಳುವ ಗಿಡಗಳನ್ನು ಕೊಳ್ಳಬೇಡಿ. ಮುಂದಿನ ಸಾಲುಗಳನ್ನೆಲ್ಲ ಕೋನೊಕಾರ್ಪಸ್ ಮತ್ತು ಅಲಂಕಾರದ ಗಿಡಗಳೇ ತುಂಬಿಕೊಂಡಿವೆ. ಗುಜರಾತ್ ಸರ್ಕಾರ 2023ರಲ್ಲಿ ನೆಡುವುದನ್ನೇ ನಿಷೇಧಿಸಿದ ಕೋನೊಕಾರ್ಪಸ್ಸನ್ನು ಇಲ್ಲಿ ‘ಬೇಗ ಬೇಲಿಯಾಗುತ್ತದೆ’ ಎಂದು ಹೊಗಳಿ ಮಾರುತ್ತಾರೆ. ಬೇಗ ಬೆಳೆಯುವ ಪರದೇಶಿ ಗಿಡ ಮುಂದೆ ಏನಾಗುತ್ತದೆಂಬುದನ್ನು ಕೆರೆಯಂಗಳ, ಹಳ್ಳದ ದಂಡೆಗಳನ್ನೆಲ್ಲ ಆವರಿಸಿರುವ ಬಳ್ಳಾರಿ ಜಾಲಿಯನ್ನು ಕಂಡ ನಮಗೆ ಬೇರೆ ಹೇಳಬೇಕಿಲ್ಲ.

ಕಕ್ಕೆ, ಹೊಂಗೆ, ಅತ್ತಿ, ತಂಗಡಿ, ಕವಳಿ ಸಸಿಗಳು ನೀರಿನ ತೊಟ್ಟಿಯ ಹಿಂದಿವೆ. ಕೇಳದಿದ್ದರೆ ಯಾರೂ ತೋರಿಸುವುದಿಲ್ಲ. ತಂಗಡಿಗೆ 30 ರೂಪಾಯಿ, ಕಕ್ಕೆಗೆ 60 ರೂಪಾಯಿ ಹೇಳಿದರು, ದುಬಾರಿಯೇನಲ್ಲ. ಕವಳಿಯ ಮುಳ್ಳು ಬೇಲಿಯ ಕೆಲಸ ಮಾಡುತ್ತದೆ, ಕಪ್ಪು ಹಣ್ಣಿಗೆ ಪಿಕಳಾರ ಹಕ್ಕಿಗಳೂ ಬರುತ್ತವೆ. ಎಕ್ಕವನ್ನು ಮಾತ್ರ ಹಣ ಕೊಟ್ಟು ತರುವ ಅಗತ್ಯವಿಲ್ಲ. ಕಾಂಪೌಂಡಿನ ಮೂಲೆಯಲ್ಲಿ ತಾನಾಗಿ ಹುಟ್ಟಿದ್ದನ್ನು ಕೀಳದೆ ಬಿಟ್ಟರೆ ಪ್ಲೇನ್ ಟೈಗರ್ ಚಿಟ್ಟೆ ಹುಡುಕಿಕೊಂಡು ಬಂದು ಮೊಟ್ಟೆಯಿಡುತ್ತದೆ.

ನನ್ನ ದೊಡ್ಡ ಆಕ್ಷೇಪ ಔಷಧಿ ಸಿಂಪಡಣೆಯ ಬಗೆಗಿದೆ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಂದು-ಬಿಳಿ ಮಚ್ಚೆಯನ್ನು ದಿಟ್ಟಿಸಿ ನೋಡಿದರೆ ಅದು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆಯ ಎಳೆಯ ಮರಿಹುಳುವಾಗಿರುತ್ತದೆ. ಬೆಳೆದಂತೆ ಅದು ಎಲೆಯ ಹಸಿರಿಗೇ ತಿರುಗುತ್ತದೆ, ಕೆಣಕಿದರೆ ತಲೆಯ ಹಿಂದಿನಿಂದ ಕವಲು ಕೊಂಬೊಂದನ್ನು ಚಾಚಿ ಘಾಟು ವಾಸನೆ ಬಿಡುತ್ತದೆ. ಇಂಥ ಹುಳುಗಳಿಗಾಗಿಯೇ ಗಿಡ ಕೊಳ್ಳುವವರಿಗೆ, ಎಲೆಯಲ್ಲಿ ಒಂದೂ ತೂತಿಲ್ಲದಂತೆ ಔಷಧಿ ಹೊಡೆದ ಸಸಿಯನ್ನು ‘ಆರೋಗ್ಯವಾಗಿದೆ’ ಎಂದು ಕೊಟ್ಟರೆ ಪ್ರಯೋಜನವೇನು? ಸಿಂಪಡಿಸದ ಸಸಿ ಬೇಕೆಂದು ಮೊದಲೇ ಹೇಳಿದರೆ ಮಾಲಿಯವರು ಬೇಸರಿಸದೆ ತೆಗೆದಿಡುತ್ತಾರೆ, ಅದು ಮೆಚ್ಚಬೇಕಾದ ಮಾತು.

ಎತ್ತರದ ಸಸಿಗೆ ಆಸೆಪಡಬಾರದು. ಸಣ್ಣ ಚೀಲದಲ್ಲಿ ಬಹುಕಾಲ ಉಳಿದ ಕಕ್ಕೆಯ ತಾಯಿಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿರುತ್ತದೆ; ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾಗುವ ನಮ್ಮ ಸೀಮೆಯಲ್ಲಿ ಬೇರು ಆಳಕ್ಕಿಳಿಯದ ಗಿಡ ಬೇಸಿಗೆ ದಾಟುವುದು ಕಷ್ಟ. ಮೊಣಕಾಲೆತ್ತರದ್ದನ್ನೇ ಆರಿಸಿ, ಎರೆಮಣ್ಣಾಗಿದ್ದರೆ ನೀರು ನಿಲ್ಲದಂತೆ ಸ್ವಲ್ಪ ದಿಬ್ಬ ಮಾಡಿ ನೆಡಬೇಕು. ಬನ್ನಿ ಸಸಿ ಕೇಳಿದಾಗ ಇರಲಿಲ್ಲ, ಮಳೆಗಾಲದ ಆರಂಭದಲ್ಲಿ ತರಿಸುವುದಾಗಿ ಹೇಳಿದ್ದಾರೆ. ಮನೆಗೆ ತಲುಪಿಸುವ ವ್ಯವಸ್ಥೆಯಿಲ್ಲ, ಆಟೊ ನೀವೇ ಗೊತ್ತುಮಾಡಿಕೊಳ್ಳಬೇಕು.